ನಿದ್ದೆಯಲ್ಲಿ ಕೂತ ಕೋಟು

ಮೇಷ್ಟ್ರು ಅವತ್ತು ಬೆಳಿಗ್ಗೆ ಹೆಂಡತಿಯನ್ನು ಎಬ್ಬಿಸಬಾರದಿತ್ತು. ಪಾಪ, ಹಾಲು ಉಕ್ಕುತ್ತಿತ್ತು, ಪಾತ್ರೆ ಇಳಿಸುವ ಬಟ್ಟೆ ಎಲ್ಲಿ ಎಂದು ಕೇಳಲು ಹೋದರು. ಆಕೆ ಕಣ್ಣು ಬಿಟ್ಟವಳೇ "ಅಯ್ಯೋ, ಹೋಯ್ತು!" ಎಂದು ಹಣೆ ಚಚ್ಚಿಕೊಂಡಳು.

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆಕೆ, ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಊರಿನ ಅರ್ಧ ವಕೀಲರಿಗೆ ಕರಿ ಕೋಟು ಹೊಲಿದವಳು. ಎಂಥ ಡೊಳ್ಳುಹೊಟ್ಟೆ ಬಂದು ನಿಂತರೂ ಒಮ್ಮೆ ಕಣ್ಣಾಡಿಸಿ ಕತ್ತರಿ ಹಾಕುವ ಕೈ. ಅದೇ ಕೈ ಈಗ ಸ್ವಂತ ಮಗಳ ಕೋಟಿನ ಮುಂದೆ ಸೋತು ಕೂತಿತ್ತು. ಮಗಳ ಬೆನ್ನು ಚಿಕ್ಕಂದಿನಿಂದಲೇ ಒಂದು ಕಡೆಗೆ ಬಾಗಿದೆ; ಬಲಭುಜ ಮೇಲೆ, ಎಡಭುಜ ಕೆಳಗೆ. ಕಾನೂನು ಓದಿ ಮುಗಿಸಿದ ಹುಡುಗಿ ನಾಳೆ ಮೊದಲ ಸಲ ನ್ಯಾಯಾಧೀಶರ ಮುಂದೆ ಎದ್ದು ನಿಂತು ವಾದ ಮಾಡಬೇಕು. ಜನ ಅವಳ ಮಾತು ಕೇಳಬೇಕು, ಬೆನ್ನು ನೋಡಬಾರದು. ತಾಯಿಗೆ ಬೇಕಾಗಿದ್ದು ಇಷ್ಟೇ. ಆದರೆ ಎಡಭುಜಕ್ಕೆ ಪ್ಯಾಡು ಇಟ್ಟರೆ ಕಾಲರ್ ಏಳುತ್ತಿತ್ತು, ಕಾಲರ್ ಇಳಿಸಿದರೆ ಬೆನ್ನ ಮೇಲೆ ಬಟ್ಟೆ ಉಬ್ಬುತ್ತಿತ್ತು. ಬಿಚ್ಚಿ ಹೊಲಿದು, ಹೊಲಿದು ಬಿಚ್ಚಿ, ಆಕೆಗೆ ಸಾಕುಸಾಕಾಗಿತ್ತು.

"ನಿದ್ದೇಲಿ ಇವಳ ಮೈಮೇಲೆ ಸರಿಯಾಗಿ ಕೂತಿತ್ತು ರೀ ಕೋಟು! ಒಂದು ಸುಕ್ಕಿಲ್ಲ. ಎಲ್ಲಿ ಕತ್ತರಿಸ್ಬೇಕು, ಎಲ್ಲಿ ಒಳಗೆ ತಗೋಬೇಕು, ಎಲ್ಲಾ ಹೊಳೆದಿತ್ತು. ಅಷ್ಟರಲ್ಲಿ ನೀವು ಬಂದು ಹಾಲು ಹಾಲು ಅಂದ್ರಿ."

ಮೇಷ್ಟ್ರು ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿ ನಿವೃತ್ತರಾದವರು. ಕೇಳುವವರಿಲ್ಲದೆ ನಾಲಿಗೆ ತುರಿಸುತ್ತಿತ್ತು.

"ನೋಡು, ನಿದ್ದೇಲಿ ಯಾರೂ ಯೋಚನೆ ಮಾಡಲ್ಲ. ಯೋಚನೆ ಮಾಡೋಕೆ ನಾನು ಅನ್ನೋನು ಎಚ್ಚರವಾಗಿರ್ಬೇಕು. ನೀನು ಕಣ್ಣು ಬಿಟ್ಟ ಕ್ಷಣದಲ್ಲಿ ಮನಸ್ಸು ಅವಸರಕ್ಕೆ ಒಂದು ಕಥೆ ಕಟ್ತು. ನಿನಗೆ ಏನೂ ಹೊಳೀಲಿಲ್ಲ. ಹೊಳೆದಿತ್ತು ಅಂತ ಈಗ ಅನ್ನಿಸ್ತಿದೆ, ಅಷ್ಟೇ."

"ಗೊರಕೆ ಹೊಡೆಯೋವಾಗ ನೀವಿರ್ತೀರೋ, ಇಲ್ವೋ?"

"ಇರಲ್ಲ."

"ಹಾಗಾದ್ರೆ ಇಷ್ಟು ವರ್ಷ ನನ್ನ ಪಕ್ಕದಲ್ಲಿ ಗೊರಕೆ ಹೊಡೆದೋನು ಯಾರು?"

ಹಲ್ಲುಜ್ಜುತ್ತಿದ್ದ ಮಗಳು ನಕ್ಕು ಮೈಮೇಲೆಲ್ಲ ನೊರೆ ಚೆಲ್ಲಿಕೊಂಡಳು. ಟೈಲರಮ್ಮನಿಗೆ ನಗು ಬರಲಿಲ್ಲ, ಮೈ ಉರಿಯುತ್ತಿತ್ತು. ಎಚ್ಚರವಿದ್ದು ಮಾಡಿದ ಕೆಲಸಕ್ಕೇ ಈ ಮನೆಯಲ್ಲಿ ಶಹಬ್ಬಾಸ್ ಅನ್ನುವವರಿಲ್ಲ. ಇನ್ನು ಮಲಗಿ ಮಾಡಿದ್ದಕ್ಕೆ, ಅದನ್ನು ಮಾಡಿದವಳು ನೀನೇ ಅಲ್ಲ ಎಂಬ ತೀರ್ಪು ಬೇರೆ!

ಕಳೆದದ್ದನ್ನು ಕಳೆದಲ್ಲೇ ಹುಡುಕುವುದೆಂದು ಮಧ್ಯಾಹ್ನ ಊಟವಾದದ್ದೇ ಹೋಗಿ ಮಲಗಿದಳು. ಅದೇ ಮಗ್ಗುಲು, ಅದೇ ಹೊದಿಕೆ. ಬೇಡವೆಂದಾಗ ಮಿಷನ್ ಮುಂದೆಯೇ ತೂಕಡಿಸುವ ಹೆಂಗಸಿಗೆ ಈಗ ನಿದ್ದೆಯ ಸುಳಿವಿಲ್ಲ. ಪಕ್ಕದ ಮನೆಯ ಮಿಕ್ಸಿ ಶುರುವಾಯಿತು. ಅದು ನಿಂತು ಕಣ್ಣು ಜೊಂಪಿಗೆ ಬರುವಷ್ಟರಲ್ಲಿ ಮೇಷ್ಟ್ರು ಬಾಗಿಲಲ್ಲಿ ಇಣುಕಿದರು.

"ಬಂತಾ?"

"ಬಂದ್ರಲ್ಲ, ನೀವು!"

ಮಗಳು ಅಪ್ಪನನ್ನು ಆಚೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ಹೊರಗೆ ಕುರ್ಚಿ ಎಳೆದು ಕಾವಲು ಕೂತಳು.

ಕೊನೆಗೂ ನಿದ್ದೆ ಬಂತು, ಕೋಟೂ ಬಂತು. ಮಗಳು ಕನ್ನಡಿಯ ಮುಂದೆ ನಿಂತಿದ್ದಾಳೆ, ಬೆನ್ನ ಮೇಲೆ ಒಂದೇ ಒಂದು ಸುಕ್ಕಿಲ್ಲ. ಈ ಸಲ ಮರೆಯಬಾರದೆಂದು ಟೈಲರಮ್ಮ ಕಾಲರಿನಿಂದ ಕೆಳಕ್ಕೆ ನಿಧಾನವಾಗಿ ಕೈಯಾಡಿಸಿದಳು. ಎಲ್ಲೂ ಒಳಗೆ ತೆಗೆದುಕೊಂಡಿಲ್ಲ, ಎಲ್ಲೂ ಪ್ಯಾಡಿಲ್ಲ. ಬಟ್ಟೆಯ ಕೆಳಗೆ ಮಗಳ ಬೆನ್ನು ನೆಟ್ಟಗಿತ್ತು, ಎರಡು ಭುಜವೂ ಸಮನಾಗಿದ್ದವು.

ಎಚ್ಚರವಾಯಿತು. ಹಾಸಿಗೆಯ ಮೇಲೆ ಎದ್ದು ಕೂತಳು. ಬೆಳಿಗ್ಗೆ ಹೊಳೆಯಿತೆಂದು ಹಿಗ್ಗಿದ್ದೂ ಇದೇ. ಆಕೆ ನಿದ್ದೆಯಲ್ಲಿ ಸರಿಮಾಡಿದ್ದು ಕೋಟನ್ನಲ್ಲ, ಮಗಳನ್ನು. ಇವಳು ಹೇಗಿದ್ದಾಳೋ ಹಾಗೇ ನನಗೆ ಚಿನ್ನ ಎಂದು ಇಷ್ಟು ಕಾಲ ಎಲ್ಲರ ಮುಂದೆ ಹೇಳಿಕೊಂಡು ಬಂದವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಬಾಗಿಲು ತೆರೆದರೆ ಅಪ್ಪ ಮಗಳು ಇಬ್ಬರೂ ನಿಂತಿದ್ದರು.

"ಸಿಕ್ತಾ?" ಎಂದರು ಮೇಷ್ಟ್ರು.

"ಇಲ್ಲ ರೀ. ನೀವು ಹೇಳಿದ್ದೇ ಸರಿ. ನಿದ್ದೇಲಿ ಯಾರೂ ಯೋಚನೆ ಮಾಡಲ್ಲ. ಅಲ್ಲಿ ಏನು ಕಂಡ್ರೂ, ಕಂಡೋಳು ನಾನಲ್ಲ."

ಹೆಂಡತಿ ವಾದದಲ್ಲಿ ಸೋತದ್ದನ್ನು ಮೇಷ್ಟ್ರು ಜನ್ಮದಲ್ಲಿ ಕಂಡಿರಲಿಲ್ಲ. ಖುಷಿಗೆ ಪಾಠ ಮೊದಲಿನಿಂದ ಶುರುಮಾಡಿದರು.

"ಏನು ಕಂಡೆ ಅಮ್ಮ?" ಎಂದಳು ಮಗಳು.

"ನೆನಪಿಲ್ಲ. ಬಾ, ಕೋಟು ಹಾಕ್ಕೋ."

ಮಗಳು ಕೋಟು ತೊಟ್ಟು ಎಂದಿನಂತೆ ಉಸಿರು ಬಿಗಿಹಿಡಿದು, ಭುಜ ಎತ್ತಿ, ಆದಷ್ಟೂ ಸೆಟೆದು ನಿಂತಳು. ಅಳತೆ ಹಿಡಿದಾಗಲೆಲ್ಲ ಬೆನ್ನು ತಟ್ಟಿ, ನೆಟ್ಟಗೆ ನಿಂತ್ಕೋ ಎಂದು ಹೇಳಿ ಹೇಳಿ ಹಾಗೆ ನಿಲ್ಲಿಸಿದವಳು ತಾಯಿಯೇ. ಕೋಟು ಕತ್ತರಿಸಿದ್ದೂ ಆ ಅಳತೆಗೇ.

"ಸೆಟೀಬೇಡ ಮಗಳೇ. ನೀನು ಹೇಗೆ ನಿಲ್ತೀಯೋ ಹಾಗೇ ನಿಂತ್ಕೋ."

ಮಗಳು ತಾಯಿಯ ಮುಖ ನೋಡಿದಳು. ಆಮೇಲೆ ಉಸಿರು ಬಿಟ್ಟಳು. ಎಡಭುಜ ಇಳಿಯಿತು, ತಾಯಿ ಎಂದೂ ಅಳೆದಿರದಷ್ಟು ಕೆಳಕ್ಕೆ ಇಳಿಯಿತು. ಟೈಲರಮ್ಮ ಸೀಮೆಸುಣ್ಣ ಕೈಗೆತ್ತಿಕೊಂಡು, ಭುಜ ಇಳಿದು ನಿಂತಲ್ಲೇ ಹೊಸ ಗುರುತು ಹಾಕಿದಳು.