ಮೊಲಕ್ಕೂ ಒಂದು ಪಾಲು

ನಮ್ಮ ಮನೆಯಲ್ಲಿ ಒಂದು ನಂಬಿಕೆಯಿದೆ. ಎದುರಿಗೆ ಕೂತು ನೋಡುವ ಜೀವಕ್ಕೆ ಒಂದು ತುತ್ತು ಕೊಡದೆ ತಿಂದರೆ ತಿಂದವರಿಗೆ ಹೊಟ್ಟೆನೋವು ಗ್ಯಾರಂಟಿ. ಅಮ್ಮ ಇದನ್ನು ಬೇರಿಕೆಯ ತವರಿನಿಂದ ತಂದು, ತಮಿಳು ಗಡಿಯ ಮತ್ತಿಗಿರಿಯ ನಮ್ಮ ಬಾಡಿಗೆ ಮನೆಯವರೆಗೂ ಜೋಪಾನ ಮಾಡಿಕೊಂಡು ಬಂದಿದ್ದಾಳೆ. ನಾಯಿಯಾಗಲಿ, ಕರೆಂಟ್ ಮೀಟರ್ ನೋಡಲು ಬಂದವರಾಗಲಿ, ಉಣ್ಣುವಾಗ ಕಣ್ಣಿಗೆ ಬಿದ್ದರೆ ಅವರಿಗೊಂದು ಪಾಲು. ಇಂಥ ಮನೆಗೆ ನಾನು ಮೊಲ ತಂದೆ. ಮಗಳು ಹಟ ಹಿಡಿದಿದ್ದಳು. ತಂದವನು ಅದರ ಪಂಜರವನ್ನು ನಾವು ಊಟಕ್ಕೆ ಕೂರುವ ಜಾಗದ ಎದುರಿಗೇ ಇಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಮಾರಿದವನು ಒಣಹುಲ್ಲು, ನೀರು, ಸ್ವಲ್ಪ ಸೊಪ್ಪು ಸಾಕು ಅಂದಿದ್ದ. ನಾನು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು, ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. "ಹುಲ್ಲು ಸೊಪ್ಪು ಬಿಟ್ಟು ಬೇರೇನೂ ಹಾಕಬಾರದು" ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಪಂಜರಕ್ಕೆ ಅಂಟಿಸಿದೆ. ಪಕ್ಕದ ಮನೆಯವರಿಗಾಗಿ ಕೆಳಗೆ ತಮಿಳಿನಲ್ಲೂ ಬರೆದೆ. ದಿನಾ ಪಂಜರ ಒರೆಸಿ, ಹಾಸಿದ ಪೇಪರ್ ಬದಲಾಯಿಸಿ, ಹಿಕ್ಕೆ ಗುಂಡಗೆ ಗಟ್ಟಿಯಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ.

"ಫ್ಯಾಕ್ಟ್ರೀಲಿ ಬೋಲ್ಟ್ ನೋಡಿದ್ದು ಸಾಲ್ದಾ?" ಎಂದು ಹೆಂಡತಿ ನಗುತ್ತಿದ್ದಳು.

ಒಂದು ರಜೆಯ ದಿನ ಬೆಳಿಗ್ಗೆ ನೋಡಿದರೆ ಮೊಲದ ಹಿಂಭಾಗಕ್ಕೆಲ್ಲ ಮೆತ್ತನೆಯ ಹಿಕ್ಕೆ ಅಂಟಿಕೊಂಡಿತ್ತು. ಆಮೇಲೆ ಅದೂ ನಿಂತುಹೋಯಿತು. ಹುಲ್ಲು ಮೂಸಿಯೂ ನೋಡದೆ, ಮೂಲೆಯಲ್ಲಿ ಮುದುಡಿಕೊಂಡು ಹಲ್ಲು ಕಡಿಯುತ್ತಿತ್ತು. ಅಮ್ಮ ಬಿಸಿನೀರಿನ ಚೊಂಬು ಹಿಡಿದು ಬಂದಳು.

"ಮೈಗೆ ಎರ್‍ದ್ರೆ ಎಲ್ಲಾ ಸರಿಹೋಯ್ತದೆ ತಗಳ್ಲಾ."

ಚೊಂಬು ಕಸಿದುಕೊಂಡು ಎಲ್ಲರನ್ನೂ ಆಟೋ ಹತ್ತಿಸಿದೆ. ದಾರಿಯುದ್ದಕ್ಕೂ ಮಗಳು ಮೊಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಿವಿಯನ್ನೇ ಸವರುತ್ತಿದ್ದಳು. ಅತ್ತಿದ್ದರೆ ಎಷ್ಟೋ ವಾಸಿಯಿತ್ತು.

ಪಶುವೈದ್ಯರು ಮೊಲದ ಹೊಟ್ಟೆ ಮುಟ್ಟಿ ನೋಡಿದರು. "ಗ್ಯಾಸ್ ತುಂಬಿದೆ, ಕರುಳು ಕೆಲಸ ಮಾಡ್ತಾನೇ ಇಲ್ಲ. ಏನು ಹಾಕಿದ್ರಿ?"

"ಹುಲ್ಲು ಸಾರ್," ಎಂದೆ ಹೆಮ್ಮೆಯಿಂದ.

"ಉಣ್ಮೆ ಸೊಲ್ಲುಂಗ ಸಾರ್," ಎಂದು ಡಾಕ್ಟರು ತಮಿಳಿಗೆ ಹೊರಳಿದರು. "ನಿಜ ಹೇಳಿದ್ರೆ ಉಳಿಸ್ಬೋದು."

ಮಗಳು ಅಳು ತಡೆಯಲಾರದೆ ಹೇಳಿಬಿಟ್ಟಳು: "ನಾನು ಬಿಸ್ಕತ್ತು ಕೊಟ್ಟೆ. ದಿನಾ."

ಹೆಂಡತಿ ಗೋಡೆ ನೋಡುತ್ತಾ, "ದೋಸೆ. ಅಂಚು ಮಾತ್ರ," ಎಂದಳು.

ಅಮ್ಮನಿಗೆ ಯಾವ ನಾಚಿಕೆಯೂ ಇರಲಿಲ್ಲ. "ಮುದ್ದೆ ಕೊಟ್ಟೆ, ಅದ್ಕೇನೀಗ? ಕಣ್ ಬುಟ್ಕಂಡು ನೋಡ್ತಾ ಕುಂತಿರ್ತದೆ, ನಾನ್ ಹೆಂಗ್ಲಾ ಉಣ್ಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. "ಬರ್‍ದು ಅಂಟಿಸಿದ್ನಲ್ಲ, ಯಾರಿಗೂ ಓದಕ್ಕೆ ಬರಲ್ವಾ?" ಎಂದು ಕೂಗಾಡಿದೆ. ಡಾಕ್ಟರು ನನ್ನತ್ತ ತಿರುಗಿದರು.

"ನೀವು?"

ಫಸ್ಟ್ ಶಿಫ್ಟ್ ಮುಗಿಸಿ ಬಂದು ಟೀ ಕುಡಿಯುವಾಗ ಹಾಲ್‌ನಲ್ಲಿ ಇರುತ್ತಿದ್ದುದು ನಾನು ಮತ್ತು ಅದು, ಇಬ್ಬರೇ. ನಾಳೆ ನನಗೆ ಹೊಟ್ಟೆನೋವು ಬಂದರೆ ಡ್ಯೂಟಿಗೆ ಯಾರು ಹೋಗುತ್ತಾರೆ?

"ಬನ್ನು," ಎಂದೆ. "ಬೆಣ್ಣೆ ಇಲ್ದಿರೋ ಕಡೆಯಿಂದ."

ಮೂವರೂ ನನ್ನನ್ನು ನೋಡಿದ ನೋಟ ಸಾಯುವವರೆಗೂ ಮರೆಯಲಾರೆ. ನಮ್ಮ ನಾಲ್ಕು ಹೊಟ್ಟೆ ಉಳಿಸಿಕೊಳ್ಳಲು ಆ ಪುಟ್ಟ ಹೊಟ್ಟೆಯನ್ನು ಕೆಡಿಸಿದ್ದೆವು.

ಡಾಕ್ಟರು ಔಷಧಿ ಹಾಕಿದರು. ಸ್ನಾನ ಮಾಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ ಅಂದರು. ಮೆಲ್ಲಗೆ ಹೊಟ್ಟೆ ನೀವಬೇಕು, ಸಂಜೆಯೊಳಗೆ ಹಿಕ್ಕೆ ಹಾಕದಿದ್ದರೆ ತಕ್ಷಣ ವಾಪಸ್ ತರಬೇಕು. ಮನೆಗೆ ಬಂದವನೇ ಮೊದಲು ಪಂಜರವನ್ನು ಒಳಕೋಣೆಗೆ ಸಾಗಿಸಿದೆ. ಅಮ್ಮ ಮೊಲವನ್ನು ಮಡಿಲಲ್ಲಿ ಹಾಕಿಕೊಂಡು ನೀವುತ್ತಾ ಕೂತಳು. ನಾವು ಮೂವರೂ ಸುತ್ತ ಕೂತೆವು. ಮಧ್ಯಾಹ್ನ ಕಳೆಯಿತು. ನನಗೆ ನಿಜಕ್ಕೂ ಭಯವಾಗಿತ್ತು, ಮಗಳ ಮುಖ ನೋಡುವ ಧೈರ್ಯ ಬರಲಿಲ್ಲ.

ಐದು ಗಂಟೆಯ ಹೊತ್ತಿಗೆ ಅಮ್ಮನ ಸೀರೆಯ ಮೇಲೆ ಕಪ್ಪಗೆ, ಸಣ್ಣಗೆ ಮೂರು ಹಿಕ್ಕೆ ಬಿದ್ದವು. ನಾನು ಬಟ್ಟೆ ತರಲು ಎದ್ದೆ.

"ಏಯ್, ಕುಂತ್ಕಳ್ಲಾ!" ಅಮ್ಮ ಪಿಸುಗುಟ್ಟಿದಳು. "ಗಾಬರಿಯಾಗಿ ನಿಲ್ಲಿಸ್ಬುಟ್ಟಾತು. ಇನ್ನೆರಡು ಹಾಕ್ಲಿ."

ಹಾಕಿತು. ಇನ್ನೂ ನಾಲ್ಕು ಹಾಕಿತು. ಮಗಳು ಒಂದೊಂದನ್ನೇ ಬೆರಳಲ್ಲಿ ತೋರಿಸಿ ಎಣಿಸಿದಳು, ಆಮೇಲೆ ನನ್ನ ತೋಳಿಗೆ ಒರಗಿದಳು.

"ಅಪ್ಪಾ, ಈಗ ನಂಗೆ ಹಸಿವಾಯ್ತೈತೆ."

ಬೆಳಿಗ್ಗೆಯಿಂದ ನಮ್ಮಲ್ಲಿ ಯಾರೂ ಒಂದು ತುತ್ತೂ ಬಾಯಿಗೆ ಹಾಕಿರಲಿಲ್ಲ ಎಂಬುದು ಆಗಲೇ ನನಗೆ ಗೊತ್ತಾಗಿದ್ದು.