ಕೆಂಪು ದೀಪದಡಿ ಕಾಣದ ಕಲೆ

ಬೀದಿಯವರಿಗೆಲ್ಲ ಅವಳು ಪಾರ್ಲರ್ ಅಕ್ಕ. ಅತ್ತಿಗೆಗೆ ಮಾತ್ರ ಇಂದಿಗೂ ‘ಬಣ್ಣದವಳು’. ಚಿಕ್ಕವಳಿದ್ದಾಗ ಗೋಡೆಯ ಸುಣ್ಣ ಕೆರೆದು ಮುಖಕ್ಕೆ ಬಳಿದುಕೊಂಡಿದ್ದಳಂತೆ, ಹೆಸರು ಅಲ್ಲಿಂದ ಅಂಟಿಕೊಂಡಿತು. ತಾಯಿಯಿಲ್ಲದ ಮನೆಗೆ ಸೊಸೆಯಾಗಿ ಬಂದ ಅತ್ತಿಗೆ ಹೊಲಿಗೆ ಯಂತ್ರ ತುಳಿದೇ ಈ ನಾದಿನಿಯನ್ನು ಓದಿಸಿ, ಬ್ಯೂಟಿಷಿಯನ್ ಕೋರ್ಸೂ ಮಾಡಿಸಿದ್ದಳು. ಈಗ ಇಬ್ಬರದೂ ಅಕ್ಕಪಕ್ಕದ ಅಂಗಡಿ, ನಡುವೆ ಒಂದು ಪ್ಲೈವುಡ್ ಗೋಡೆ. ಇತ್ತ ಕೆಮ್ಮಿದರೆ ಅತ್ತಲಿಂದ ‘ನೀರು ಬೇಕೇನೇ’ ಎಂಬ ದನಿ ಬರುತ್ತದೆ.

ಕೆಂಪು ದೀಪದ ಪ್ಯಾನೆಲ್ ಪಾರ್ಲರಿಗೆ ಬಂದದ್ದು ಕಳೆದ ವರ್ಷ. ಮಾರಿದವನು ಸುಕ್ಕು, ಮಂಡಿನೋವು, ಕೂದಲು ಉದುರುವುದು ಎಲ್ಲಕ್ಕೂ ಇದೊಂದೇ ಸಾಕು ಎಂದಿದ್ದ. ಅಷ್ಟನ್ನೂ ಅವಳು ನಂಬಿರಲಿಲ್ಲ. ಆದರೆ ತಪ್ಪದೆ ಬಂದು ಕೂತ ಕೆಲವರ ಕಣ್ಣಂಚಿನ ಗೆರೆಗಳು ತುಸು ಮೆತ್ತಗಾದದ್ದನ್ನು ಕಣ್ಣಾರೆ ಕಂಡಿದ್ದಳು. ದೀಪದಲ್ಲಿ ಮೋಸವಿರಲಿಲ್ಲ.

ಅತ್ತಿಗೆಯ ಮೂಗಿನ ಪಕ್ಕ ಅಂಗಿ ಗುಂಡಿಯಷ್ಟಗಲದ ಕೆಂಪು ಕಲೆಯೊಂದು ಎದ್ದಿತ್ತು. ಸಿಪ್ಪೆ ಏಳುತ್ತಿತ್ತು, ಮುಖ ಒರೆಸಿದರೆ ಒಮ್ಮೊಮ್ಮೆ ರಕ್ತ ಜಿನುಗುತ್ತಿತ್ತು. ಮಾಯದ ಗಾಯಕ್ಕೆ ಪಾರ್ಲರಿನವರು ಕೈ ಹಾಕಬಾರದು, ವೈದ್ಯರ ಬಳಿ ಕಳಿಸಬೇಕು ಎಂದು ಕೋರ್ಸಿನಲ್ಲಿ ಕಲಿಸಿದ್ದು ಅವಳಿಗೆ ನೆನಪಿತ್ತು.

“ಡಾಕ್ಟ್ರಿಗೆ ತೋರ್ಸೋಣ ಅತ್ತಿಗೆ.”

“ಡಾಕ್ಟ್ರು ಅಂದ್ರೆ ಸೂಜಿ. ನಾನು ಸೂಜಿ ಚುಚ್ಚೋಳು ಕಣೇ, ಚುಚ್ಚಿಸ್ಕೊಳ್ಳೋಳಲ್ಲ. ಊರಿಗೆಲ್ಲ ದೀಪ ಹಚ್ತೀಯ, ನಂಗೆ ಹಚ್ಚೋಕೆ ಕೈ ನೋವಾ?”

ಅವಳು ಒಪ್ಪಿಕೊಂಡಳು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅತ್ತಿಗೆ ಬಂದು ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಒರಗತೊಡಗಿದಳು. ಮೊದಲ ದಿನವೇ ಅವಳು ಕನ್ನಡಕ ತೆಗೆಸಿ ದೀಪದಡಿ ಕೈಗನ್ನಡಿ ಹಿಡಿದರೆ, ಕಲೆಯೇ ಇಲ್ಲ.

“ಅಯ್ಯೋ, ಹೋಗೇಬಿಟ್ಟಿದೆಯಲ್ಲೇ,” ಎಂದು ಅತ್ತಿಗೆ ನಕ್ಕಳು. ಅವಳೂ ನಕ್ಕಳು, ಆ ದಿನ ಅವಳಿಗೂ ತಿಳಿದಿರಲಿಲ್ಲ.

ತಿಳಿದದ್ದು ಮುಂದಿನ ವಾರ. ಹೊಸ ಲಿಪ್ ಪೆನ್ಸಿಲ್ ಪರೀಕ್ಷಿಸಲು ಅಂಗೈ ಹಿಂಭಾಗಕ್ಕೆ ಗೀಚಿದ ಕೆಂಪು ಗೆರೆ ದೀಪದ ಮುಂದೆ ಮಾಯವಾಯಿತು. ಕೈ ಹಿಂದಕ್ಕೆಳೆದರೆ ಮತ್ತೆ ಬಂತು. ಕೆಂಪು ಬೆಳಕಿನಲ್ಲಿ ಕೆಂಪು ಕಾಣುವುದಿಲ್ಲ, ಅಷ್ಟೇ ವಿಷಯ. ಅಂದಿನಿಂದ ಕನ್ನಡಿಯನ್ನು ಬಾಗಿಲ ಬೆಳಕಿನಲ್ಲಿ ಹಿಡಿಯಬೇಕಿತ್ತು. ಅವಳು ದೀಪದಡಿಯೇ ಹಿಡಿದಳು.

“ಮನೇಲಿ ನೋಡಿದ್ರೆ ಹಾಗೇ ಇದ್ಯಲ್ಲೇ,” ಎಂದು ಅತ್ತಿಗೆ ಒಮ್ಮೆ ಕೇಳಿದಳು.

“ಅದು ಮೇಲಿನ ಬಿಸಿ ಅತ್ತಿಗೆ. ಒಳಗಿಂದ ಮಾಯ್ತಾ ಇದೆ.”

ಸುಳ್ಳು ತಡವರಿಸದೆ ಬಂದದ್ದೇ ಅವಳಿಗೆ ಅಚ್ಚರಿ. ಗಿರಾಕಿಗಳ ಮುಂದೆ ಆ ಕೆನ್ನೆಯನ್ನು ಮರೆಮಾಚುತ್ತಿದ್ದ ಅತ್ತಿಗೆ ಈಗ ನೇರವಾಗಿ ಮುಖ ಕೊಟ್ಟು ಮಾತಾಡುತ್ತಿದ್ದಳು. ಅದನ್ನು ಕೆಡಿಸಲು ಅವಳಿಗೆ ಬಾಯಿ ಬರಲಿಲ್ಲ. ಹಾಗಂತ ತನಗೆ ತಾನೇ ಹೇಳಿಕೊಂಡಳು. ದೀಪ ಕೆಲಸಕ್ಕೆ ಬಾರದೆಂದು ಒಪ್ಪಿಕೊಳ್ಳುವ ಅಳುಕು ಅದರ ಕೆಳಗೇ ಕೂತಿತ್ತು.

ಗುಟ್ಟು ಒಡೆದದ್ದು ಅತ್ತಿಗೆಯ ಕಸುಬಿನಿಂದ. ತಿಂಗಳುಗಳ ಮೇಲೆ ಒಂದು ದಿನ, ಕತ್ತರಿಸಬೇಕಿದ್ದ ಬಿಳಿ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ದೀಪದ ಮುಂದೆ ಕೂತಿದ್ದಳು. ಕನ್ನಡಕ ತೆಗೆದು ನೋಡಿದರೆ ಅಳತೆಗೆ ಹಾಕಿದ್ದ ಕೆಂಪು ಚಾಕ್‌ಪೀಸಿನ ಗುರುತುಗಳಿಲ್ಲ.

“ನಾನು ಹಾಕಿದ ಗೆರೆ ಯಾರೇ ಅಳಿಸ್ದೋರು?”

ಬಟ್ಟೆ ಹಿಡಿದು ಬಾಗಿಲಿಗೆ ಹೋದಳು. ಗೆರೆಗಳೆಲ್ಲ ಇದ್ದಲ್ಲೇ ಇದ್ದವು. ಒಳಗೆ ತಂದಳು, ಮತ್ತೆ ಹೊರಗೆ ಒಯ್ದಳು. ಆಮೇಲೆ ನಿಧಾನವಾಗಿ ಮೂಗಿನ ಪಕ್ಕ ಬೆರಳಿಟ್ಟುಕೊಂಡಳು.

“ನಿಂಗೆ ಗೊತ್ತಿತ್ತಾ?”

“ಇಲ್ಲ ಅತ್ತಿಗೆ.”

“ಪಾಪ, ನಿಂಗೆ ಹೇಗೆ ಗೊತ್ತಾಗ್ಬೇಕು. ಮಾರಿದ ಪುಣ್ಯಾತ್ಮ ಹೇಳ್ಬೇಕಿತ್ತು.”

ಆಸ್ಪತ್ರೆಯಲ್ಲಿ ಚೂರು ಚರ್ಮ ತೆಗೆದು ಪರೀಕ್ಷಿಸಿದರು. ಇದು ಚರ್ಮದ ಕ್ಯಾನ್ಸರ್, ಆದರೆ ಬೇರೆ ಕಡೆಗೆ ಹರಡುವುದು ತೀರಾ ಅಪರೂಪವಾದ ಬಗೆ, ಜೀವಕ್ಕೆ ಭಯವಿಲ್ಲ ಎಂದರು ವೈದ್ಯೆ. “ಮೊದ್ಲೇ ಬಂದಿದ್ರೆ ಸಣ್ಣದ್ರಲ್ಲಿ ಮುಗೀತಿತ್ತು. ಈಗ ಮೂಗಿನ ಅಂಚೂ ಸ್ವಲ್ಪ ತೆಗೀಬೇಕಾಗುತ್ತೆ.”

“ತಪ್ಪು ನಂದೇ ಡಾಕ್ಟ್ರೇ,” ಎಂದಳು ಅತ್ತಿಗೆ. “ನಮ್ಮ ಹುಡುಗಿ ಆವತ್ತೇ ಬಡ್ಕೊಂಡ್ಲು, ನಾನೇ ಬರ್ಲಿಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಮಾತು ಅವಳಿಗೆ ಊಟ ಸೇರದಂತೆ ಮಾಡಿತು.

ಶಸ್ತ್ರಚಿಕಿತ್ಸೆಯ ಬೆಳಗ್ಗೆ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಎದುರಿನವನ ಅಂಗಿಯ ಕಾಲರ್ ಸೊಟ್ಟಗಿದೆಯೆಂದು ಅತ್ತಿಗೆ ಪಿಸುಗುಟ್ಟಿ ನಗುತ್ತಿದ್ದಳು.

“ಅತ್ತಿಗೆ, ನಂಗೆ ಗೊತ್ತಿತ್ತು.”

“ಏನು?”

“ಕಲೆ ಹೋಗಿಲ್ಲ ಅಂತ. ದೀಪದಲ್ಲಿ ಕಾಣಲ್ಲ ಅಷ್ಟೇ ಅಂತ. ಎರಡನೇ ವಾರದಿಂದ್ಲೇ ಗೊತ್ತಿತ್ತು.”

ಅತ್ತಿಗೆ ಅವಳ ಮುಖವನ್ನೇ ನೋಡಿದಳು, ಅಳತೆಗೆ ಬಂದ ಹೊಸ ಗಿರಾಕಿಯನ್ನು ನೋಡುವ ಹಾಗೆ.

“ಮತ್ತೆ ಯಾಕೇ ಹೇಳ್ಲಿಲ್ಲ?”

“ನೀವು ಖುಷಿಯಾಗಿದ್ರಿ.”

“ಅದನ್ನ ನನ್ನ ಖುಷಿ ಮೇಲೆ ಹಾಕ್ಬೇಡ.”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, ಜೊತೆಗೆ ಒಬ್ಬರು ಒಳಗೆ ಬರಬಹುದು ಎಂದರು. ಅವಳು ಎದ್ದು ನಿಂತಳು. ಅತ್ತಿಗೆ ಕಿವಿಯೋಲೆ ಬಿಚ್ಚಿ ಅವಳ ಅಂಗೈಗೆ ಹಾಕಿ, ಬೆರಳು ಮಡಿಚಿದಳು.

“ಜೋಪಾನ,” ಎಂದಳು. ನರ್ಸಿನ ಕಡೆ ತಿರುಗಿ, “ಯಾರೂ ಬೇಡ, ನಾನೊಬ್ಳೇ ಬರ್ತೀನಿ,” ಎಂದು ಒಳಗೆ ನಡೆದಳು.