ದೋಣಿಯ ಮುಂದಿನ ಹಲಗೆ

ಅಕ್ಕ, ನಿಮ್ಮ ವೆನಿಸ್ ಪ್ರವಾಸ ತಪ್ಪಿದ್ದು ಮೂಡುಮನೆ ಚಿಕ್ಕಪ್ಪಯ್ಯನ ಸಾವಿನಿಂದಲ್ಲ. ನನ್ನಿಂದ. ಆ ಸುದ್ದಿಯನ್ನು ನಿಮ್ಮ ಕಿವಿಗೆ ಹಾಕಬಾರದು ಎಂದು ಅತ್ತೆ ಹೇಳಿದ್ದರು, ನಾನು ಬೇಕೆಂದೇ ಹಾಕಿದೆ. ಹೊಟ್ಟೆಕಿಚ್ಚಿನಿಂದ ಹಾಕಿದೆ. ಇದಕ್ಕಿಂತ ಮರ್ಯಾದೆಯ ಮಾತು ಏನಾದರೂ ಇದೆಯೇ ಎಂದು ಇಷ್ಟು ವರ್ಷ ಹುಡುಕಿದೆ, ಸಿಗಲಿಲ್ಲ.

ನಿಮಗೆ ನಾನು ಮೈದುನನ ಹೆಂಡತಿ, ಓರಗಿತ್ತಿ. ತಂಗಿ ಎಂದೇ ಕರೆದಿರಿ, ನಾನೂ ಅಕ್ಕ ಎಂದೆ. ಆದರೆ ಮೈಸೂರಿನಿಂದ ಆ ಉಡುಪಿ ಮನೆಗೆ ಬಂದ ಮೊದಲ ದಿನದಿಂದ ನಿಮ್ಮನ್ನು ಕಂಡರೆ ನನಗೆ ಒಳಗೊಳಗೇ ಉರಿ. ನೀವೂ ಅತ್ತೆಯೂ ತುಳುವಿನಲ್ಲಿ ಮಾತಾಡಿ ಬಿದ್ದು ಬಿದ್ದು ನಗುತ್ತಿದ್ದಿರಿ. ಆಮೇಲೆ ಪಾಪ ಎಂದು ನನಗೆ ಕನ್ನಡದಲ್ಲಿ ಹೇಳುತ್ತಿದ್ದಿರಿ. ಅಷ್ಟು ಹೊತ್ತಿಗೆ ನಗು ಆರಿಹೋಗಿರುತ್ತಿತ್ತು. ನಾನು ನಕ್ಕಂತೆ ಮಾಡುತ್ತಿದ್ದೆ.

ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಆ ಉರಿ ಕಡಿಮೆಯಾಗಬೇಕಿತ್ತು. ನೀವು ಸಿಡ್ನಿ, ನಾವು ಮೆಲ್ಬರ್ನ್, ನಡುವೆ ಒಂದು ಇಡೀ ದಿನದ ಡ್ರೈವ್. ಆಗಲಿಲ್ಲ. ಭಾವನವರಿಗೆ ನಾರ್ತ್ ಸಿಡ್ನಿಯಲ್ಲಿ ಗಾಜಿನ ಆಫೀಸು, ಕೋಟು, ಸೇತುವೆ ಕಾಣುವ ಕಿಟಕಿ. ಇವರಿಗೆ ಟ್ರುಗನಿನಾದ ವೇರ್‌ಹೌಸಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸ — ಮೈಸೂರಿನಲ್ಲಿ ಇಂಜಿನಿಯರ್ ಆಗಿದ್ದವರಿಗೆ. ನಮ್ಮದು ವಿಂಡಮ್ ವೇಲ್‌ನಲ್ಲಿ ಬಾಡಿಗೆ ಮನೆ. ಸುತ್ತ ಗೂಟ ನೆಟ್ಟ ಖಾಲಿ ಸೈಟುಗಳು, ಗಾಳಿ ಬೀಸಿದರೆ ಒಣಗಿಸಿದ ಬಟ್ಟೆಗೆಲ್ಲ ಕೆಂಪು ಧೂಳು. ನೀವು ಬಂದಾಗ "ಎಷ್ಟು ಬೆಳಕುಂಟು ಮಾರಾಯ್ತಿ ನಿಮ್ಮನೇಲಿ" ಎಂದಿರಿ. ನನಗೆ ಅದೂ ಚುಚ್ಚಿತು.

ಆ ಸಲವೇ ನೀವು ನನ್ನ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ ನಿಮ್ಮ ಕುದ್ರುವಿನ ಕಥೆ ಹೇಳಿದ್ದು. ಹೊಳೆಯ ನಡುವಿನ ನಡುಗಡ್ಡೆ, ಶಾಲೆಗೂ ದೋಣಿ, ಅಂಗಡಿಗೂ ದೋಣಿ. ಮುಂದಿನ ಹಲಗೆಯ ಮೇಲೆ ಗಂಡುಹುಡುಗರು ಮಾತ್ರ. "ನಮ್ಮನ್ನೆಲ್ಲ ನಡುವಲ್ಲಿ ತುರುಕಿ ಕೂರಿಸ್ತಿದ್ರು. ನನಗೆ ನೀರು ಕಾಣ್ತಿದ್ದದ್ದೇ ಇಲ್ಲ, ಬರೀ ಬೆನ್ನುಗಳು," ಎಂದಿರಿ. ಮನೆಬಾಗಿಲಿಗೇ ದೋಣಿ ಬರುವ ಊರು ಇಟಲಿಯಲ್ಲಿ ಇದೆ ಎಂದು ಮೇಷ್ಟ್ರು ಹೇಳಿದ ದಿನದಿಂದ ನಿಮಗೆ ಅದನ್ನು ನೋಡುವ ಆಸೆ. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಭಾವ ಮಾತು ಕೊಟ್ಟಿದ್ದರು. ಈಗ ಟಿಕೆಟ್ ಬುಕ್ ಮಾಡಿಯೇ ಬಿಟ್ಟರು, ಎಂದಿರಿ.

ನಾನು ಹುರುಳಿಕಾಯಿಯ ನಾರು ಎಳೆಯುತ್ತಾ ಖುಷಿಪಟ್ಟಂತೆ ಮಾಡಿದೆ. ನನ್ನನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿರಲಿಲ್ಲ.

ನೀವು ಬುಧವಾರ ಹೊರಡುವವರು. ಅದರ ಹಿಂದಿನ ಭಾನುವಾರ ಮಧ್ಯಾಹ್ನ ಫೋನ್ ಕಾರ್ಡ್ ಕೆರೆದು ಉಡುಪಿಗೆ ಫೋನ್ ಮಾಡಿದೆ. ಅತ್ತೆಯ ಬಾಯಿಂದ ಮಾತು ಜಾರಿತು — ಮೂಡುಮನೆ ಚಿಕ್ಕಪ್ಪಯ್ಯ ಹಿಂದಿನ ದಿನ ತೀರಿಕೊಂಡರಂತೆ. ಮಾವನವರ ದಾಯಾದಿ, ನಮಗೆಲ್ಲ ಹತ್ತು ದಿನದ ಸೂತಕ. ಹೇಳಿದ ಕೂಡಲೇ ಅತ್ತೆ ಬೆಚ್ಚಿದರು.

"ಅಯ್ಯೋ, ನಿನಗೆ ಹೇಳಿಬಿಟ್ನಲ್ಲ. ಸಿಡ್ನಿಗೆ ಹೇಳ್ಬೇಡ, ಆಯ್ತಾ? ಕಿವಿಗೆ ಬಿದ್ರೆ ಮಾತ್ರ ಸೂತಕ. ಅವಳು ಹೋಗಿ ಬರ್ಲಿ ಪಾಪ. ಬಂದ ಮೇಲೆ ಸ್ನಾನ ಮಾಡಿದ್ರೆ ಮುಗೀತು."

ಆ "ಪಾಪ" — ಅಕ್ಕ, ಆ ಒಂದು ಪದ. ಹತ್ತು ದಿನ ದೇವರ ಮನೆಗೆ ಕಾಲಿಡದೆ ಇರಬೇಕಾದವಳು ನಾನು, ವೆನಿಸ್‌ಗೆ ಹೋಗುವವರು ನೀವು, ಪಾಪ ಅನ್ನಿಸಿಕೊಂಡವರೂ ನೀವೇ. ಹೇಳುವುದಿಲ್ಲ ಅತ್ತೆ, ಎಂದೆ.

ಭಾವನವರ ನೇಮ ನನಗೆ ಚೆನ್ನಾಗಿ ಗೊತ್ತಿತ್ತು. ಆಫೀಸಿಗೆ ಕೋಟು ಹಾಕಿಕೊಂಡು ಹೋದರೂ ಬೆಳಗಿನ ಜಪ ಬಿಟ್ಟವರಲ್ಲ. ಸೂತಕ ಎಂದು ಗೊತ್ತಾದರೆ ವಿಹಾರಕ್ಕೆ ಹೊರಡುವವರೇ ಅಲ್ಲ. ಅದು ಗೊತ್ತಿದ್ದೇ ಸೋಮವಾರ ನಿಮಗೆ ಫೋನ್ ಮಾಡಿದೆ.

ನೀವು ಸೂಟ್‌ಕೇಸ್ ತುಂಬುತ್ತಿದ್ದಿರಿ. ನಾನು ಬಾಯಿ ತೆರೆಯುವ ಮೊದಲೇ ನೀವು ಕೇಳಿದಿರಿ, "ನಿನಗೆ ಎಂತ ತರ್ಲಿ ಅಲ್ಲಿಂದ? ಗಾಜಿನ ಮಣಿಸರ ಚಂದ ಸಿಕ್ತದಂತೆ. ನೀಲಿ ತರ್ಲಾ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ನೀಲಿಯೇ ತನ್ನಿ ಎಂದು ಫೋನ್ ಇಟ್ಟುಬಿಡಬಹುದಿತ್ತು. ನಾನು ಹೇಳಿದ್ದು ಇದು: "ಅಕ್ಕ, ಮೂಡುಮನೆ ಚಿಕ್ಕಪ್ಪಯ್ಯ ಹೋಗಿಬಿಟ್ರಂತೆ. ನಿಮಗೆ ಹೇಳದೇ ಮುಚ್ಚಿಡೋಕೆ ನನಗೆ ಮನಸ್ಸು ಬರ್ಲಿಲ್ಲ."

ಸೂಟ್‌ಕೇಸಿನ ಮುಚ್ಚಳ ಮುಚ್ಚಿದ ಸದ್ದು ಕೇಳಿತು. ಆಮೇಲೆ "ಹೌದಾ. ಇವರಿಗೆ ಹೇಳ್ತೇನೆ" ಎಂದಿರಿ, ಅಷ್ಟೇ. ಫೋನ್ ಇಟ್ಟು ನಾನು ಕಾಫಿ ಮಾಡಿಕೊಂಡೆ. ಆ ಕಾಫಿ ರುಚಿಯಾಗಿತ್ತು — ಅದನ್ನೂ ಬರೆಯದಿದ್ದರೆ ಇದು ಅರ್ಧ ಒಪ್ಪಿಕೊಂಡಂತೆ.

ಅತ್ತೆಗೆ ಬೇರೆ ಸುಳ್ಳು ಹೇಳಿದೆ. ಊರಿನ ಯಾರೋ ಭಾವನವರಿಗೆ ನೇರ ಫೋನ್ ಮಾಡಿದರಂತೆ ಎಂದೆ. ಇನ್ನು ನನ್ನ ಸೂತಕ? ಅದೇ ವಾರ ಪಕ್ಕದ ಮನೆಯವರ ಮಗುವಿನ ಹುಟ್ಟುಹಬ್ಬಕ್ಕೆ ರೇಷ್ಮೆ ಸೀರೆ ಉಟ್ಟು ಹೋಗಿ ಎರಡು ಸಲ ಜಾಮೂನು ಹಾಕಿಸಿಕೊಂಡೆ. ಇವರಿಗೆ ನಾನು ಸಾವಿನ ಸುದ್ದಿಯನ್ನೇ ಹೇಳಿರಲಿಲ್ಲ. ಸೂತಕ ಹಿಡಿಸಬೇಕಾಗಿದ್ದದ್ದು ನಿಮಗೆ ಮಾತ್ರ.

ಮುಂದಿನ ವರ್ಷ ಹೋಗೋಣ ಎಂದರು ಭಾವ. ಆ ಮುಂದಿನ ವರ್ಷದಲ್ಲೇ ಒಂದು ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ನಾನು ಸಿಡ್ನಿಗೆ ಹಾರಿ ಬಂದೆ. ಮನೆ ತುಂಬ ಜನ, ನೀವು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಿರಿ. "ನೀನು ಅವತ್ತು ಹೇಳಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ಸೂತಕದಲ್ಲಿ ತಿರುಗಿದ್ದಕ್ಕೇ ಇವರು ಹೋದ್ರು ಅಂತ ನಾನು ಸಾಯೋವರೆಗೂ ಕೊರಗ್ತಿದ್ದೆ," ಎಂದಿರಿ. ನಾನು ತಲೆಯಾಡಿಸಿದೆ. ನಿಮ್ಮ ಕಣ್ಣು ಒರೆಸಿದೆ. ನಿಮ್ಮ ಕೈಯಿಂದ ತಟ್ಟೆಗೆ ಹಾಕಿಸಿಕೊಂಡು ಊಟ ಮಾಡಿದೆ.

ಕಾಲ ಬದಲಾಯಿತು. ಇವರಿಗೆ ಅವರ ಓದಿಗೆ ತಕ್ಕ ಕೆಲಸ ಸಿಕ್ಕಿತು, ವೆನಿಸ್‌ಗೆ ಹೊರಟೆವು. ಹೊರಡುವ ಮುಂಚೆ ನೀವು ಒಂದು ಪುಸ್ತಕ ಕಳಿಸಿದಿರಿ. ಭಾವ ಆ ಪ್ರವಾಸಕ್ಕೆಂದು ಕೊಂಡ ಗೈಡ್ ಪುಸ್ತಕ. "ಅವರು ಪೆನ್ಸಿಲಿನಲ್ಲಿ ಏನೇನೋ ಗುರುತು ಹಾಕ್ತಿದ್ರು, ನನಗೆ ತೋರಿಸ್ತಿರ್ಲಿಲ್ಲ. ತೆರೆದು ನೋಡ್ಲಿಕ್ಕೆ ನನಗೆ ಧೈರ್ಯ ಇಲ್ಲ. ನಿಮಗಾದ್ರೂ ಆಗ್ಲಿ."

ಆ ಊರಿನಲ್ಲಿ ನಾನು ನೋಡಿದ್ದು ಕಡಿಮೆ. ಹಸಿರು ನೀರು, ಪಾಚಿ ಹಿಡಿದ ಮೆಟ್ಟಿಲುಗಳು, ಕಿಟಕಿಯಿಂದ ಕಿಟಕಿಗೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ. ತರಕಾರಿಯೂ ದೋಣಿಯಲ್ಲೇ ಬರುತ್ತಿತ್ತು, ನಿಮ್ಮ ಕುದ್ರುವಿನಂತೆಯೇ. ಗೊಂಡೋಲ ಹತ್ತಿದಾಗ ಇವರು ನನ್ನನ್ನು ಮುಂದೆ ಕೂರಿಸಿದರು. ಎದುರಿಗೆ ಯಾರ ಬೆನ್ನೂ ಇಲ್ಲ, ಬರೀ ನೀರು. ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದನ್ನು ಹೇಳುತ್ತೇನೆ — ಅಕ್ಕ ನೋಡದ್ದನ್ನು ನಾನು ನೋಡಿದೆ. ಭಾವ ಹೋದ ಮೇಲೂ, ಇಷ್ಟೆಲ್ಲ ಆದ ಮೇಲೂ, ನನಗೆ ಹಾಗೆ ಅನ್ನಿಸಿತು. ಖುಷಿಯಾಯಿತು.

ಸೇತುವೆಯ ಹೆಸರು ನೋಡೋಣ ಎಂದು ಪುಸ್ತಕ ತೆರೆದೆ. ಆ ಕಾಲುವೆಯ ಪುಟದ ಅಂಚಿನಲ್ಲೇ ಭಾವನವರ ಅಕ್ಷರ, ಕನ್ನಡದಲ್ಲಿ: "ಇಲ್ಲಿ ಇವಳನ್ನು ಮುಂದೆ ಕೂರಿಸುವುದು. ಮರೆಯಬಾರದು."

ನಾನು ಎದ್ದು ಹಿಂದಕ್ಕೆ ಹೋಗಿ ಕೂತೆ. ದೋಣಿ ಓಲಾಡಿತು, ದೋಣಿಯವನು ಬೈದ. ಇವರು ಏನಾಯಿತು ಎಂದು ಕೇಳಿದರು. ತಲೆ ಸುತ್ತುತ್ತಿದೆ ಎಂದೆ.

ಪುಸ್ತಕ ಹೋಟೆಲಿನಲ್ಲಿ ಕಳೆದುಹೋಯಿತು ಎಂದು ನಿಮಗೆ ಹೇಳಿದ್ದೆ. ನೀವು "ಹೋಗ್ಲಿ ಬಿಡು, ಅದು ಅಲ್ಲಿಗೇ ಸೇರಬೇಕಿತ್ತೋ ಏನೋ" ಎಂದು ನನಗೇ ಸಮಾಧಾನ ಮಾಡಿದಿರಿ. ಕಳೆದಿಲ್ಲ. ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗೆ ಇತ್ತು. ಅದನ್ನು ಕೊಟ್ಟರೆ ಆ ಪುಟ ನಿಮಗೆ ಸಿಗುತ್ತದೆ, ಸಿಕ್ಕಿದರೆ ಆ ಸೋಮವಾರದ ಫೋನ್ ನೆನಪಾಗುತ್ತದೆ, ನೆನಪಾದರೆ — ಅದಕ್ಕೇ ಬಚ್ಚಿಟ್ಟೆ.

ಹೇಳದಿದ್ದರೆ ನಿಮಗೆ ನೆಮ್ಮದಿಯಾದರೂ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನನ್ನ ನೆಮ್ಮದಿಯ ಮಾತೇ. ಪ್ರವಾಸ ಮುಗಿಸಿ ಬಂದಿದ್ದರೂ ಭಾವನವರ ಎದೆ ಆ ಬೆಳಿಗ್ಗೆಯೇ ನಿಲ್ಲುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ಆದರೆ ಅದಕ್ಕೆ ಮೊದಲು ನೀವು ಮುಂದೆ ಕೂತಿರುತ್ತಿದ್ದಿರಿ, ಅವರು ಹಿಂದಿನಿಂದ ನೋಡಿರುತ್ತಿದ್ದರು. ಅದು ಮಾತ್ರ ಖಂಡಿತ ಗೊತ್ತು.

ಈ ಕಾಗದದ ಜೊತೆ ಪುಸ್ತಕ ಇಟ್ಟಿದ್ದೇನೆ. ಆ ಪುಟದ ಮೂಲೆ ಮಡಿಸಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಒಂದೇ ಕೇಳುತ್ತೇನೆ — ಹೇಳಿದ್ದು ಒಳ್ಳೆಯದಾಯಿತು ಎಂದು ಅವತ್ತು ನನ್ನ ಕೈ ಹಿಡಿದು ಅಂದಿರಲ್ಲ, ಆ ಮಾತನ್ನು ನನ್ನಿಂದ ಹಿಂದಕ್ಕೆ ತೆಗೆದುಕೊಳ್ಳಿ.